ಮಂಚದ ಹೊಲ

ಹ್ಯಾಡಲ್‌ಕೋಟ್ ಎಂಬ ಈ ಇಂಗ್ಲಿಷ್ ಹಳ್ಳಿಯಲ್ಲಿ ಈಗ ಇರುವುದು ನಲವತ್ತಮೂರು ಮನೆ, ಒಂದು ಚರ್ಚು, ಒಂದು ಪಬ್ಬು, ಬಾಗಿಲು ಹಾಕಿದ ಒಂದು ಅಂಚೆ ಕಚೇರಿ. ವಾರಕ್ಕೆರಡು ಸಲ ಬಸ್ಸು ಬರುತ್ತದೆ. ಅದರಿಂದ ಇಳಿಯುವವಳು ಬಹುಮಟ್ಟಿಗೆ ನಾನೊಬ್ಬಳೇ. ಚರ್ಚಿನ ಹಿಂದಿನಿಂದ ಒಂದು ಕಾಲುದಾರಿ ಹೊರಟು, ಕೆರೆಯೂ ಅಲ್ಲದ ಹೊಂಡವೂ ಅಲ್ಲದ ಒಂದು ನೀರಿನ ಮಡುವನ್ನು ಬಳಸಿ, ಇಳಿಜಾರಾದ ಒಂದು ಗೋಧಿ ಹೊಲದ ಗೇಟಿಗೆ ಮುಟ್ಟುತ್ತದೆ. ಆ ಗೇಟಿನ ಮೇಲೆ ಮರದ ಹಲಗೆಯಲ್ಲಿ 'ಬೆಡ್ ಫೀಲ್ಡ್' ಎಂದು ಬರೆದಿದೆ. ನಮ್ಮ ಮಾತಿನಲ್ಲಿ ಮಂಚದ ಹೊಲ. ಭಾನುವಾರ ದಪ್ಪ ಬೂಟು ಹಾಕಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ನಡೆಯುವುದಕ್ಕೆಂದೇ ಪಟ್ಟಣದಿಂದ ಬರುವ ಜನ ಹಲಗೆ ಓದಿ, ಸುತ್ತ ನೋಡಿ, ಮಂಚ ಕಾಣದೆ ನಗುತ್ತಾರೆ. ಯಾರಾದರೂ ರಾಜ ಇಲ್ಲಿ ಮಲಗಿದ್ದನೇ ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ರಾಜ ಯಾಕೆ ಬರುತ್ತಾನೆ ಇಲ್ಲಿಗೆ, ಮಲಗುವುದಕ್ಕೆ ಅವನಿಗೆ ಒಣಗಿದ ಜಾಗ ಸಿಗಲಿಲ್ಲವೇ? ಇಲ್ಲಿ ಮಲಗಿದ್ದವನು ಒಬ್ಬ ರೈತ, ಅದೂ ಒಂದು ಮಧ್ಯಾಹ್ನದ ಮಟ್ಟಿಗೆ.

ನಾನು ನವಲಗುಂದದ ಕಡೆಯವಳು. ಈ ಊರಿಗೆ ಬಂದು ಮೂವತ್ತೊಂಬತ್ತು ವರ್ಷವಾಯಿತು. ಬಂದ ಹೊಸದರಲ್ಲಿ ಈ ಕತೆಯನ್ನು ನನಗೆ ಹೇಳಿದವಳು ಪಕ್ಕದ ಮನೆಯ ವಿನಿಫ್ರೆಡ್. ಅವಳಿಗೆ ಅವಳ ಅಜ್ಜಿ ಹೇಳಿದ್ದಳಂತೆ, ಆ ಅಜ್ಜಿಗೆ ಇನ್ನೊಬ್ಬ ಅಜ್ಜಿ. ಇನ್ನೂರೈವತ್ತು ವರ್ಷದ ಹಿಂದಿನ ಜನ ಯಾವ ಧಾಟಿಯ ಇಂಗ್ಲಿಷ್ ಆಡುತ್ತಿದ್ದರೋ ವಿನಿಫ್ರೆಡ್‌ಗೂ ಗೊತ್ತಿಲ್ಲ, ನನಗಂತೂ ಗೊತ್ತಿಲ್ಲ. ಆದ್ದರಿಂದ ಅವರ ಬಾಯಲ್ಲಿ ನಮ್ಮ ಕಡೆಯ ಮಾತನ್ನೇ ಇಟ್ಟಿದ್ದೇನೆ. ಊರವರು ಮುದುಕಿಯೊಬ್ಬಳನ್ನು ಕರೆಯುತ್ತಿದ್ದ ಶಬ್ದಕ್ಕೆ ನಾನು ಆಯಿ ಎನ್ನುತ್ತೇನೆ, ರೈತನ ಹೆಂಡತಿಯನ್ನು ಮರ್ಯಾದೆಯಿಂದ ಕರೆಯುತ್ತಿದ್ದ ಶಬ್ದಕ್ಕೆ ಅಕ್ಕಾರ ಎನ್ನುತ್ತೇನೆ. ತಪ್ಪೆನ್ನುವವರು ಬಂದು ತಿದ್ದಲಿ.

ಹಿಂದೆ ಒಮ್ಮೆ ಈ ಊರಿನಲ್ಲಿ ಇಂದು ಇರುವುದಕ್ಕಿಂತ ಹೆಚ್ಚು ಜನರಿದ್ದರು, ಕಡಿಮೆ ಕೋಣೆಗಳಿದ್ದವು. ಈಗ ಲಂಡನ್ನಿನವರು ಕೋಟಿಗಟ್ಟಲೆ ಸುರಿದು ಕೊಳ್ಳುವ ಹುಲ್ಲಿನ ಮಾಡಿನ ಆ ಮುದ್ದಾದ ಮನೆಗಳನ್ನು ಕಂಡು ಯಾರೂ ಮೋಸ ಹೋಗಬಾರದು. ಬಡವರ ಮನೆಯೆಂದರೆ ಒಂದೇ ಕೋಣೆ, ಮಣ್ಣಿನ ನೆಲ, ಹೆಣೆದ ಕಡ್ಡಿಗೆ ಹುಲ್ಲು ಕಲೆಸಿದ ಮಣ್ಣು ಮೆತ್ತಿದ ಗೋಡೆ. ಏಣಿ ಹತ್ತಿದರೆ ಮಾಡಿನ ಕೆಳಗೆ ಒಂದು ಅಟ್ಟ, ಅಲ್ಲಿ ಮಕ್ಕಳೂ ಚಳಿಗಾಲಕ್ಕೆಂದು ಹರವಿಟ್ಟ ಸೇಬೂ ಒಟ್ಟಿಗೆ ಮಲಗುತ್ತಿದ್ದವು. ಹೊಗೆ ಹೋಗಲಿಕ್ಕೆ ದಾರಿ ಇತ್ತು, ಆದರೆ ಗಾಳಿ ಪಡುವಣದಿಂದ ಬೀಸಿದ ದಿನ ಹೊಗೆ ಆ ದಾರಿ ಹಿಡಿಯುತ್ತಿರಲಿಲ್ಲ. ನೀರು ತರಬೇಕಾದದ್ದು ಊರಿಗೆಲ್ಲ ಒಂದೇ ಆದ ಬಾವಿಯಿಂದ. ಬಟ್ಟೆ ಒಗೆಯುವುದು ತಿಂಗಳಿಗೊಮ್ಮೆ, ಬೂದಿ ನೀರಿನಲ್ಲಿ. ಬೆಳಕಿಗೆ ಜೊಂಡಿನ ಕಡ್ಡಿಯನ್ನು ಕೊಬ್ಬಿನಲ್ಲಿ ಅದ್ದಿ ಉರಿಸುತ್ತಿದ್ದರು. ಒಂದು ಕಡ್ಡಿ ಅರ್ಧ ತಾಸು ಉರಿದರೆ ಹೆಚ್ಚು. ಹಂದಿ ಇದ್ದವರು ಅನುಕೂಲಸ್ಥರು, ಇಲ್ಲದವರು ಹಂದಿ ಇದ್ದವರ ನೆರೆಯವರು. ಮನೆಯಲ್ಲಿ ಬ್ರೆಡ್ಡು ಬೇಯಿಸುವ ಒಲೆ ಇರುತ್ತಿರಲಿಲ್ಲವಾದ್ದರಿಂದ ವಾರಕ್ಕೊಮ್ಮೆ ಹೆಂಗಸರು ನಾದಿದ ಹಿಟ್ಟನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಊರೊಟ್ಟಿನ ಭಟ್ಟಿಗೆ ಒಯ್ಯುತ್ತಿದ್ದರು. ತಮ್ಮದು ಯಾವುದು ಎಂದು ತಿಳಿಯಲಿಕ್ಕೆ ಪ್ರತಿಯೊಬ್ಬಳೂ ಹಿಟ್ಟಿನ ಮೇಲೆ ಬೆರಳಿನಿಂದ ಒಂದೊಂದು ಗುರುತು ಒತ್ತುತ್ತಿದ್ದಳು. ಆ ಹಿಟ್ಟು ಎಲ್ಲಿಂದ ಬರುತ್ತಿತ್ತು ಎಂಬುದೇ ಈ ಕತೆ.

ಹಕ್ಕಲಾಯುವುದು ನಮ್ಮಲ್ಲಿಯೂ ಉಂಟು. ಸುಗ್ಗಿ ಮುಗಿದ ಹೊಲದಲ್ಲಿ ಬಿದ್ದ ತೆನೆಯನ್ನು ಬಡವರು ಆಯ್ದುಕೊಂಡರೆ ಬೇಡ ಎನ್ನುವ ರೈತನನ್ನು ನಮ್ಮ ಕಡೆ ಯಾರೂ ಮನುಷ್ಯರ ಸಾಲಿನಲ್ಲಿ ಎಣಿಸುವುದಿಲ್ಲ. ಆದರೆ ಈ ಜನ ಹಕ್ಕಲಿಗೂ ಒಂದು ಕಟ್ಟಳೆ ಮಾಡಿಟ್ಟಿದ್ದರು. ಬೆಳೆ ಕೊಯ್ದು ಬಂಡಿ ಹೇರಿ ಮನೆಗೆ ಸಾಗಿಸಿದ ಮೇಲೆ ರೈತ ಹೊಲದ ನಡುವೆ ಒಂದೇ ಒಂದು ಸಿವುಡನ್ನು, ಅಂದರೆ ತೆನೆ ಸಮೇತ ಕಟ್ಟಿದ ಪೈರಿನ ಕಟ್ಟನ್ನು, ನಿಲ್ಲಿಸಿ ಬರುತ್ತಿದ್ದ. ಅದಕ್ಕೆ ಕಾವಲು ಸಿವುಡು ಎಂದು ಹೆಸರು. ಅದು ನಿಂತಿರುವ ತನಕ ಒಂದು ನರಪಿಳ್ಳೆಯೂ ಹೊಲಕ್ಕೆ ಕಾಲಿಡುವಂತಿಲ್ಲ. ಯಾವ ಬೆಳಗ್ಗೆ ರೈತ ಬಂದು ತನ್ನ ಕೈಯಾರೆ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೋಗುತ್ತಾನೋ ಆ ಬೆಳಗ್ಗೆ ಹೆಂಗಸರು ಮಕ್ಕಳು ಬೇಲಿ ದಾಟಿ ಒಳಗೆ ಬರುತ್ತಿದ್ದರು. ನಿಲ್ಲಿಸಿದವನೇ ಎತ್ತಬೇಕು. ಬೇರೆಯವರು ಎತ್ತಿದರೆ ಆಯ್ದದ್ದೆಲ್ಲ ಕಳವು. ಒಂದೇ ಒಂದು ವಿನಾಯಿತಿ ಇತ್ತು. ರೈತ ಸತ್ತಿದ್ದರೆ ಅವನ ವಿಧವೆ ಬಂದು ಎತ್ತಬಹುದು, ಊರಿಗೆ ಅವನ ಸಾವು ತಿಳಿಯುತ್ತಿದ್ದದ್ದೂ ಎಷ್ಟೋ ಸಲ ಹಾಗೆಯೇ ಎನ್ನುತ್ತಾರೆ.

ಆಗ ಈ ಹೊಲ ಆಬೆಲ್ ಥರ್ಲೋ ಎಂಬವನದು. ಐವತ್ತರ ಆಸುಪಾಸಿನ ಗಟ್ಟಿ ಆಸಾಮಿ, ಮಾತು ಕಡಿಮೆ, ಆಡಿದರೆ ಒರಟು. ಮಕ್ಕಳಿಲ್ಲ. ಹೆಂಡತಿ ಪ್ರೂಡೆನ್ಸ್ ಒಬ್ಬಳೇ. ಹಕ್ಕಲಾಯುವ ಹೆಂಗಸರಿಗೆ ಮುಂದಾಳು ಡಾರ್ಕಸ್ ಎಂಬ ಮುದುಕಿ. ಅವಳ ಗಂಡ ಮಾಡಿಗೆ ಹುಲ್ಲು ಹೊದಿಸುವಾಗ ಬಿದ್ದು, ಒಂದು ದಿನ ಹಾಸಿಗೆ ಹಿಡಿದು ಹೋಗಿದ್ದ, ಮಗಳು ಬಾಣಂತನದಲ್ಲಿ ಹೋಗಿದ್ದಳು, ಉಳಿದಿದ್ದವರು ಮೂವರು ಮೊಮ್ಮಕ್ಕಳು, ಮೂವರೂ ಹುಡುಗಿಯರು. ಸುಗ್ಗಿಯಲ್ಲಿ ಬೆನ್ನು ಬಗ್ಗಿಸಿ ಆಯ್ದರೆ ಆ ಮನೆಗೆ ಮಾರ್ಚ್ ತಿಂಗಳ ತನಕ ಹಿಟ್ಟು ಸಿಗುತ್ತಿತ್ತು. ಸಿಗದಿದ್ದರೆ ಚರ್ಚಿನ ಹಿರಿಯರು ಬಂದು ಮಕ್ಕಳನ್ನು ಕರೆದೊಯ್ದು ದೂರದ ಊರುಗಳಲ್ಲಿ ಒಂದೊಂದು ಮನೆಗೆ ಒಬ್ಬೊಬ್ಬರಂತೆ ಚಾಕರಿಗೆ ಹಚ್ಚುತ್ತಿದ್ದರು. ಅದನ್ನು ಅವರು ಪುಣ್ಯದ ಕೆಲಸವೆಂದೇ ತಿಳಿದಿದ್ದರು.

ಹಿಂದಿನ ವರ್ಷದ ಸುಗ್ಗಿಯಲ್ಲಿ ಆಬೆಲ್ ತನ್ನ ಬಾತುಗಳು ಮೊದಲು ಮೇಯಲಿ ಎಂದು ಸಿವುಡನ್ನು ಐದು ದಿನ ಎತ್ತದೆ ಬಿಟ್ಟಿದ್ದ. ಐದನೆಯ ದಿನ ಡಾರ್ಕಸ್ ಅವನ ಬಾಗಿಲಿಗೆ ಹೋಗಿ ಕೇಳಿದಳು. ಅವನು ಅರ್ಧ ಬಾಗಿಲು ತೆಗೆದು, "ನನ್ನೇನ ಕೇಳತಿ? ಹೋಗಿ ಸಿವುಡನ್ನ ಕೇಳು" ಎಂದು ಮುಚ್ಚಿಕೊಂಡನಂತೆ. ಆ ಸಂಜೆ ಹಿಡಿದ ಮಳೆ ಒಂಬತ್ತು ದಿನ ಬಿಡಲಿಲ್ಲ. ಬಿದ್ದ ತೆನೆಯೆಲ್ಲ ನೆಲದಲ್ಲೇ ಮೊಳೆತು ಹೋಯಿತು. ಡಾರ್ಕಸ್‌ಳ ಹಿಟ್ಟು ಕ್ರಿಸ್‌ಮಸ್ಸಿಗೆ ಮೊದಲೇ ಮುಗಿಯಿತು, ಜನವರಿಯಲ್ಲಿ ಹಿರಿಯರು ಬಂದು ದೊಡ್ಡ ಹುಡುಗಿಯನ್ನು ಕರೆದುಕೊಂಡು ಹೋದರು. ಹನ್ನೊಂದು ವರ್ಷದವಳು. ಅವಳು ಹೋದ ಊರು ಇಪ್ಪತ್ತು ಮೈಲಿ ದೂರ, ಅಂದರೆ ಆ ಕಾಲದ ಬಡವರ ಪಾಲಿಗೆ ನಮ್ಮ ನವಲಗುಂದದಷ್ಟೇ ದೂರ. ಅವಳು ಮತ್ತೆ ಬಂದಳೇ ಎಂದು ನಾನು ವಿನಿಫ್ರೆಡ್‌ಳನ್ನು ಎಷ್ಟೋ ಸಲ ಕೇಳಿದ್ದೇನೆ. ಕತೆಯಲ್ಲಿ ಅದು ಇಲ್ಲ ಎನ್ನುತ್ತಾಳೆ. ಮಂಚವನ್ನು ನೆನಪಿಟ್ಟುಕೊಂಡ ಊರು ಆ ಮಗುವಿನ ಹೆಸರನ್ನೂ ನೆನಪಿಟ್ಟುಕೊಳ್ಳಲಿಲ್ಲವಲ್ಲ ಎಂದು ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಹೀಗಾಗಿ ಮರುವರ್ಷದ ಸುಗ್ಗಿಗೆ ಊರವರು ಒಂದು ಮಾತು ಮಾಡಿಕೊಂಡರು. ಏನೇ ಆಗಲಿ, ಆಬೆಲ್‌ನ ಬಾಗಿಲಿಗೆ ಹೋಗಿ ಕೇಳುವುದಿಲ್ಲ. ಸಿವುಡನ್ನೇ ಕೇಳು ಎಂದನಲ್ಲ, ಸಿವುಡಿನ ಮುಂದೆಯೇ ನಿಲ್ಲುತ್ತೇವೆ. ಶನಿವಾರ ಕೊನೆಯ ಬಂಡಿ ಹೋಯಿತು, ಹೊರಗಿನಿಂದ ಬಂದ ಕೊಯ್ಲಿನ ಆಳುಗಳು ಕೂಲಿ ತೆಗೆದುಕೊಂಡು ಮುಂದಿನ ಊರಿಗೆ ಹೋದರು, ಸಿವುಡು ನಿಂತಿತು. ಭಾನುವಾರ ಆಬೆಲ್ ಚರ್ಚಿಗೆ ಬರಲಿಲ್ಲ. ಮುಖ ತೋರಿಸಲು ನಾಚಿಕೆ ಎಂದರು. ಸೋಮವಾರ ಬೆಳಗ್ಗೆ ಹೆಂಗಸರು ಮಕ್ಕಳು ಬೇಲಿಯ ಉದ್ದಕ್ಕೂ ಸಾಲಾಗಿ ನಿಂತರು. ಸಾಲು ನಿಲ್ಲುವುದರಲ್ಲಿ ಈ ಜನರನ್ನು ಮೀರಿಸುವವರು ಭೂಮಿಯ ಮೇಲೆ ಹುಟ್ಟಿಲ್ಲ. ಒಂದು ಮಾತಿಲ್ಲ, ಗದ್ದಲವಿಲ್ಲ, ಕಣ್ಣೆದುರಿಗೆ ತೆನೆ ಚೆಲ್ಲಿದೆ, ಬಿಸಿಲಿಗೆ ಒಣಗಿದೆ, ನಿಂತೇ ನಿಂತರು. ಮಂಗಳವಾರವೂ ನಿಂತರು. ಆಬೆಲ್‌ನ ಮನೆಯ ಬಾಗಿಲು ತೆರೆಯಲಿಲ್ಲ. ನಮ್ಮ ಕಡೆಯವರಾಗಿದ್ದರೆ ಸೋಮವಾರ ಮಧ್ಯಾಹ್ನದ ಒಳಗೆ ಹತ್ತು ಜನ ಹೋಗಿ ಬಾಗಿಲು ಬಡಿದು ಜಗಳ ತೆಗೆದಿರುತ್ತಿದ್ದರು, ಜಗಳದ ನಡುವೆ ನಿಜ ಹೊರಗೆ ಬಂದಿರುತ್ತಿತ್ತು. ಇವರು ಮರ್ಯಾದಸ್ಥರು, ಮುನಿಸಿಕೊಂಡು ಸುಮ್ಮನೆ ನಿಂತರು.

ಬುಧವಾರ ಮಧ್ಯಾಹ್ನ ಪಡುವಣದಲ್ಲಿ ಮೋಡ ಕಟ್ಟಿತು. ಸಾಲಿನಲ್ಲಿ ನಿಂತಿದ್ದ ಡಾರ್ಕಸ್ ಒಮ್ಮೆ ಮೋಡವನ್ನು, ಒಮ್ಮೆ ತನ್ನ ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರನ್ನು ನೋಡಿದಳು. ಮಾತು ಮುರಿದಳೆಂದು ಊರು ಏನಾದರೂ ಅನ್ನಲಿ ಎಂದು ಹೊರಟು ಆಬೆಲ್‌ನ ಬಾಗಿಲು ತಟ್ಟಿದಳು. ಬಹಳ ಹೊತ್ತಿನ ಮೇಲೆ ಪ್ರೂಡೆನ್ಸ್ ತೆಗೆದಳು. ತಲೆ ಬಾಚಿರಲಿಲ್ಲ, ಕಣ್ಣು ಕೆಂಪಗಿತ್ತು.

"ಅಕ್ಕಾರ, ಮಳಿ ಬರಾಕತ್ತೇತಿ" ಎಂದಳು ಡಾರ್ಕಸ್. "ಹ್ವಾದ ವರ್ಷ ಒಂದು ಕೂಸು ಕೊಟ್ಟೀನಿ. ಎರಡು ಉಳದಾವು. ಅವನ್ನರ ನನ್ನ ಕಡೆ ಬಿಡ್ರಿ. ಸಿವುಡು ತಗಸ್ರಿ."

ಪ್ರೂಡೆನ್ಸ್ ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿ ಮೇಲಿನ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಗೋಡೆಗೆ ಹೊಂದಿಸಿ ಬಡಗಿ ಕೂಡಿಸಿದ್ದ ಓಕ್ ಮರದ ದೊಡ್ಡ ಮಂಚದ ಮೇಲೆ ಆಬೆಲ್ ಮಲಗಿದ್ದ. ಶನಿವಾರ ಬಂಡಿ ಇಳಿಸಿ ಬಂದವನಿಗೆ ಲಕ್ವಾ ಹೊಡೆದಿತ್ತು. ಬಲಗಡೆ ಪೂರಾ ಬಿದ್ದುಹೋಗಿತ್ತು, ಬಾಯಿ ಓರೆಯಾಗಿತ್ತು, ಮಾತಿರಲಿಲ್ಲ. ಊರಿಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದರೆ, ತಿಳಿದರೆ ಊರು ಖುಷಿಪಡುತ್ತದೆ ಎಂದು ಹೆದರಿದೆ ಎಂದಳಂತೆ ಪ್ರೂಡೆನ್ಸ್. ಡಾರ್ಕಸ್ ಅದಕ್ಕೆ ಇಲ್ಲ ಎನ್ನಲಿಲ್ಲ, ಸುಳ್ಳು ಹೇಳುವ ಪೈಕಿ ಅಲ್ಲ ಅವಳು. "ಹಂಗಾರ ನೀವರ ಬಂದು ಎತ್ರಿ ಅಕ್ಕಾರ" ಎಂದಳು.

"ನಾ ಎತ್ತಿದರ ಇವರು ಹ್ವಾದಂಗ ಆಗತೈತಿ, ಆಯಿ" ಎಂದಳು ಪ್ರೂಡೆನ್ಸ್. "ಉಸಿರು ಐತಿ ಇನ್ನೂ. ನಾಕು ದಿನ ಆತು, ಆ ಉಸಿರು ಕೇಳಕೋತನ ಕುಂತೀನಿ. ಹ್ಯಾಂಗ ಎತ್ತಲಿ ಹೇಳು."

ಡಾರ್ಕಸ್ ಹಟ ಹಿಡಿಯಬಹುದಿತ್ತು. ನನ್ನ ಮಕ್ಕಳಿಗಿಂತ ನಿನ್ನ ನಂಬಿಕೆ ಹೆಚ್ಚೇ ಎನ್ನಬಹುದಿತ್ತು, ಅಂದಿದ್ದರೂ ಅದು ನ್ಯಾಯವೇ. ಆದರೆ ಅವಳೂ ಒಂದು ದಿನ ಗಂಡನ ಉಸಿರು ಕೇಳುತ್ತ ಕುಳಿತವಳು. ಅವಳು ಕಿಟಕಿಯಿಂದ ಮೋಡವನ್ನು ನೋಡಿದಳು, ಬಹಳ ಹೊತ್ತು ನೋಡಿದಳು, ಆಮೇಲೆ "ಬ್ಯಾಡ ಬಿಡ್ರಿ ಅಕ್ಕಾರ, ಎತ್ತಬ್ಯಾಡ್ರಿ" ಎಂದು ಮೆಟ್ಟಿಲ ಕಡೆ ತಿರುಗಿದಳು. ಆ ಒಂದು ಮಾತಿಗೆ ಅವಳು ಕೊಡಬೇಕಾಗಿದ್ದ ಬೆಲೆ ಕೆಳಗೆ ಬೇಲಿಯ ಹತ್ತಿರ ನಿಂತಿತ್ತು, ಒಂಬತ್ತು ವರ್ಷದ್ದು ಒಂದು, ಆರು ವರ್ಷದ್ದು ಒಂದು.

ಆಗ ಆಬೆಲ್‌ನ ಎಡಗೈ ಮಂಚದ ಅಂಚನ್ನು ಬಡಿಯತೊಡಗಿತು. ಇಬ್ಬರೂ ಹತ್ತಿರ ಹೋದರು. ಅವನು ಕಿಟಕಿಯ ಕಡೆ ಕೈ ತೋರಿಸಿದ, ಮತ್ತೆ ತನ್ನ ಎದೆಯನ್ನು ಮುಟ್ಟಿಕೊಂಡ, ಮತ್ತೆ ಕಿಟಕಿಯ ಕಡೆ. ನೀರು ಬೇಕೇ, ಗಾಳಿ ಬೇಕೇ, ಪಾದ್ರಿಯನ್ನು ಕರೆಯಬೇಕೇ ಎಂದು ಪ್ರೂಡೆನ್ಸ್ ಕೇಳಿದ್ದಕ್ಕೆಲ್ಲ ಅಲ್ಲವೆಂದು ತಲೆಯಾಡಿಸಿದ. ಕೊನೆಗೆ ಡಾರ್ಕಸ್‌ಗೇ ತಿಳಿಯಿತು. "ಹೊಲಕ್ಕ ಹೋಗತೀನಿ ಅನ್ನಾಕತ್ತಾರ ಇವರು" ಎಂದಳು.

ಹೋಗುವುದು ಹೇಗೆ? ಎತ್ತಿ ಕೂರಿಸಿದರೆ ಉಸಿರು ಕಟ್ಟುತ್ತಿತ್ತು. ಮಲಗಿದಂತೆಯೇ ಒಯ್ಯಬೇಕು. ಮೆಟ್ಟಿಲು ನೋಡಿದರೆ ಒಬ್ಬ ಮನುಷ್ಯ ಅಡ್ಡ ತಿರುಗಿ ಇಳಿಯುವಷ್ಟು ಕಿರಿದು. ಮಂಚವೋ ಕೋಣೆಯ ಒಳಗೇ ಕೂಡಿಸಿದ್ದು, ಬಾಗಿಲಲ್ಲಿ ಹೊರಗೆ ಬರುವ ಪೈಕಿಯಲ್ಲ. ಡಾರ್ಕಸ್ ಬೇಲಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು. ಮೂರು ದಿನ ಯಾರ ಮೇಲೆ ಹಲ್ಲು ಕಡಿಯುತ್ತ ನಿಂತಿದ್ದರೋ ಅವನು ನಾಲ್ಕು ದಿನದಿಂದ ಹಾಸಿಗೆಯಲ್ಲಿ ಬಿದ್ದಿದ್ದ. ಮೊದಲು ಹೆಜ್ಜೆ ಎತ್ತಿದವನು ಡಾರ್ಕಸ್‌ಳ ಗಂಡನ ನಂತರ ಊರಿನ ಮಾಡು ಹೊದಿಸುತ್ತಿದ್ದವನು, ಸುದ್ದಿ ಕೇಳಿ ಕೊಡಲಿ ಹಿಡಿದು ಬಂದ. ಹಿಂದಿನಿಂದ ಉಳಿದ ಗಂಡಸರು ಬಂದರು. ಹೊರಗಿನಿಂದ ಏಣಿ ಹಾಕಿ, ಮೇಲಿನ ಕೋಣೆಯ ಗೋಡೆಯ ಮಣ್ಣು ಕೆಡವಿ, ಕಡ್ಡಿ ಕತ್ತರಿಸಿ, ಮಂಚ ಹಾಯುವಷ್ಟು ಕಂಡಿ ತೆಗೆದರು. ಹುಲ್ಲಿನ ಬಂಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಅದರ ಮೇಲೆ ಮಂಚವನ್ನು ಆಬೆಲ್ ಸಮೇತ ಹಗ್ಗ ಕಟ್ಟಿ ಇಳಿಸಿದರು. ಅವನನ್ನು ಕ್ಷಮಿಸಿದ್ದರು ಎಂದು ಯಾರೂ ತಿಳಿಯಬಾರದು. ಅದಕ್ಕೆ ವೇಳೆ ಇರಲಿಲ್ಲ, ಮೋಡ ಚರ್ಚಿನ ಗೋಪುರದ ಹತ್ತಿರ ಬಂದಿತ್ತು.

ಗೇಟಿನಿಂದ ಒಳಗೆ ಎಂಟು ಜನ ಹೊತ್ತರು. ಪ್ರೂಡೆನ್ಸ್ ಪಕ್ಕದಲ್ಲಿ ಅವನ ತಲೆಗೆ ಕೈ ಆನಿಸಿಕೊಂಡು ನಡೆದಳು. ಸಿವುಡಿನ ಪಕ್ಕಕ್ಕೆ ಮಂಚ ಇಳಿಸಿದರು. ಹೊತ್ತವರು ಕಟ್ಟಳೆಯಂತೆ ಹಿಂದಕ್ಕೆ ಹೋಗಿ ಬೇಲಿಯ ಆಚೆ ನಿಂತರು. ಅಷ್ಟರಲ್ಲೂ ಕಟ್ಟಳೆ ಬಿಡಲಿಲ್ಲ ನೋಡಿ. ಆಬೆಲ್ ಎಡಗೈ ಚಾಚಿದ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿ ಜಾರಿತು. ಮೂರನೆಯ ಸಲ ಸಿವುಡಿನ ನಡುವಿನ ಕಟ್ಟು ಕೈಗೆ ಸಿಕ್ಕಿತು, ಎಳೆದು ಎದೆಯ ಮೇಲೆ ಹಾಕಿಕೊಂಡ. ಬೇಲಿಯ ಸಾಲು ಮುರಿದು ಹೆಂಗಸರು ಮಕ್ಕಳು ಹೊಲ ತುಂಬಿದರು.

ಸಿವುಡು ಎತ್ತಿದ ಮೇಲೆ ರೈತ ಮನೆಗೆ ಹೋಗುವುದು ರೂಢಿ, ಬಡವರು ಆಯುವುದನ್ನು ನಿಂತು ನೋಡುವುದು ಸಭ್ಯತೆಯಲ್ಲ. ಮೂವತ್ತು ಸುಗ್ಗಿ ಆಬೆಲ್ ಹಾಗೇ ಬೆನ್ನು ತಿರುಗಿಸಿ ಹೋಗಿದ್ದ. ಇಂದು ಹೋಗಲಿಕ್ಕೆ ಕಾಲಿರಲಿಲ್ಲ, ನೋಡಬೇಕಾಯಿತು. ನೋಡುತ್ತ ಇದ್ದವನು ಸ್ವಲ್ಪ ಹೊತ್ತಿಗೆ ಎದೆಯ ಮೇಲಿನ ಸಿವುಡಿನ ಕಟ್ಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದ. ಒಂದೊಂದೇ ತೆನೆ ಎಳೆದು ಮಂಚದ ಅಂಚಿನಿಂದ ಕೆಳಗೆ ಹಾಕತೊಡಗಿದ. ಡಾರ್ಕಸ್ ದೂರದಿಂದ ಕಂಡು ಬಂದು ಮಂಚದ ಪಕ್ಕ ಮೊಣಕಾಲೂರಿದಳು. ಅವನು ಹಾಕಿದ, ಅವಳು ಆಯ್ದು ಉಡಿಗೆ ತುಂಬಿಕೊಂಡಳು. ಕೈಯಿಂದ ಕೈಗೆ ಕೊಡಬಹುದಿತ್ತು, ಕೊಡಲಿಲ್ಲ, ನೆಲಕ್ಕೇ ಹಾಕಿದ. ಭಿಕ್ಷೆ ಬೇರೆ, ಹಕ್ಕಲು ಬೇರೆ, ಅದು ಅವನಿಗೂ ಗೊತ್ತಿತ್ತು, ಅವಳಿಗೂ. ಸಿವುಡೆಲ್ಲ ಬರೀ ಹುಲ್ಲಾಗುವ ತನಕ ಹೀಗೇ ನಡೆಯಿತು. ಕಳೆದ ವರ್ಷದ ಐದು ದಿನಕ್ಕೆ ಇದು ಸಮವಾಯಿತೇ ಎಂದರೆ ಆಗಲಿಲ್ಲ.

ಮಳೆ ಕತ್ತಲಾಗುವ ಹೊತ್ತಿಗೆ ಬಂತು. ಅಷ್ಟರಲ್ಲಿ ಬೇಕಾದಷ್ಟು ಆಯ್ದಾಗಿತ್ತು. ಹೊಲದ ಗೇಟನ್ನೇ ಕಳಚಿ ಆಬೆಲ್‌ನನ್ನು ಅದರ ಮೇಲೆ ಮಲಗಿಸಿ, ಹೆಂಗಸರು ತಮ್ಮ ಏಪ್ರನ್ನು ಬಿಚ್ಚಿ ಹೊದಿಸಿ, ಓಡುತ್ತ ಮನೆಗೆ ತಂದರು. ಹೊತ್ತು ಓಡಲಾಗದಷ್ಟು ಭಾರದ ಆ ಮಂಚ ಹೊಲದಲ್ಲೇ ಉಳಿಯಿತು. ಇಲ್ಲಿಯ ಜೇಡಿಮಣ್ಣು ಒಮ್ಮೆ ನೆನೆದರೆ ಹಿಡಿದದ್ದನ್ನು ಬಿಡುವುದಿಲ್ಲ, ನಮ್ಮ ಎರೆಭೂಮಿಯ ತಂಗಿ ಅದು. ಮಂಚದ ಕಾಲು ಮೊಳದಷ್ಟು ಹೂತುಹೋಗಿ, ಆಮೇಲೆ ಎಷ್ಟು ಎಳೆದರೂ ಬರಲಿಲ್ಲ. ಉಳುವವರು ಅದನ್ನು ಬಳಸಿ ಉತ್ತರು, ದನಗಳು ಅದಕ್ಕೆ ಬೆನ್ನು ತಿಕ್ಕಿದವು, ಹನ್ನೆರಡೋ ಹದಿಮೂರೋ ವರ್ಷಕ್ಕೆ ಕರಗಿ ಮಣ್ಣಾಯಿತು. ಅಷ್ಟರಲ್ಲಿ ಹೊಲಕ್ಕೆ ಹೆಸರು ಬಿದ್ದಾಗಿತ್ತು.

ಗೋಡೆಯ ಕಂಡಿಯನ್ನು ಊರವರು ಹಿಮ ಬೀಳುವ ಮೊದಲು ಹೊಸ ಮಣ್ಣು ಮೆತ್ತಿ ಮುಚ್ಚಿದರು. ಡಾರ್ಕಸ್‌ಳ ಹಿಟ್ಟು ಮಾರ್ಚ್ ಮುಗಿಯುವ ತನಕ ಬಂತು, ಇಬ್ಬರು ಹುಡುಗಿಯರೂ ಅವಳ ಹತ್ತಿರವೇ ಉಳಿದರು. ಆಬೆಲ್ ಈಸ್ಟರ್ ಹಬ್ಬದ ವಾರ ತೀರಿಕೊಂಡ. ಮುಂದಿನ ಸುಗ್ಗಿಯಲ್ಲಿ ಸಿವುಡು ನಿಲ್ಲಿಸಿದವಳು ಪ್ರೂಡೆನ್ಸ್, ಎತ್ತಬೇಕಾದವಳೂ ಅವಳೇ. ಬೆಳಗ್ಗೆ ಹೊಲದ ನಡುವೆ ಹೋಗಿ ನಿಂತಳು. ಕೈ ಮುಂದೆ ಹೋಗಲಿಲ್ಲ. ಬೇಲಿಯಲ್ಲಿ ಜನ ಕಾದರು. ಒಂದು ತಾಸಾಯಿತು. ಆಗ ಡಾರ್ಕಸ್, ಹಕ್ಕಲಿನ ಕಟ್ಟಳೆಯನ್ನು ಊರಿಗೆಲ್ಲ ಕಲಿಸಿದವಳು, ಸಿವುಡು ಇನ್ನೂ ನಿಂತಿರುವಾಗಲೇ ಬೇಲಿ ದಾಟಿ ಹೊಲಕ್ಕೆ ಕಾಲಿಟ್ಟಳು. ನೇರ ಹೋಗಿ ಸಿವುಡಿಗೆ ಒಂದು ಕಡೆಯಿಂದ ಕೈ ಹಚ್ಚಿ, "ಹಿಡೀರಿ ಅಕ್ಕಾರ, ಭಾಳ ವಜ್ಜಿ ಐತಿ, ನನಗ ಒಬ್ಬಾಕಿಗೆ ಆಗೂದಿಲ್ಲ" ಎಂದಳಂತೆ. ಪ್ರೂಡೆನ್ಸ್ ಇನ್ನೊಂದು ಕಡೆ ಹಿಡಿದಳು.

ಈಗ ಹಕ್ಕಲಾಯುವವರು ಯಾರೂ ಇಲ್ಲ. ಬ್ರೆಡ್ಡು ಪಟ್ಟಣದ ಅಂಗಡಿಯಿಂದ ಬರುತ್ತದೆ, ಹೊಲವನ್ನು ಮನೆಯಷ್ಟು ದೊಡ್ಡ ಯಂತ್ರ ಒಂದು ಮಧ್ಯಾಹ್ನದಲ್ಲಿ ಕೊಯ್ದು ಮುಗಿಸುತ್ತದೆ. ಆದರೆ ಆಗಸ್ಟ್ ಕೊನೆಗೆ ಆ ದಾರಿಯಲ್ಲಿ ನಡೆದು ಬಂದವರಿಗೆ ಬೋಳು ಕೂಳೆಯ ನಡುವೆ ಒಂದೇ ಒಂದು ಸಿವುಡು, ಕೈಯಲ್ಲಿ ಕೊಯ್ದು ಕೈಯಲ್ಲಿ ಕಟ್ಟಿದ್ದು, ನಿಂತಿರುವುದು ಕಾಣುತ್ತದೆ. ಮರೆತು ಹೋಗಿದ್ದಾರೆ ಎಂದುಕೊಂಡು ಮುಂದೆ ಹೋಗುತ್ತಾರೆ. ಒಂದು ಬೆಳಗ್ಗೆ ಇಬ್ಬರು ಹೆಂಗಸರು ಬಂದು ಅದನ್ನು ಎತ್ತುತ್ತಾರೆ. ಆ ವರ್ಷ ಊರಿನಲ್ಲಿ ಗಂಡನನ್ನು ಕಳೆದುಕೊಂಡವಳು ಒಬ್ಬಳು, ಹಿಂದೆ ಯಾವಾಗಲೋ ಕಳೆದುಕೊಂಡವಳು ಇನ್ನೊಬ್ಬಳು.

ನಮ್ಮವರು ಹೋದದ್ದು ನಾಲ್ಕು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ. ಆಗಸ್ಟಿನಲ್ಲಿ ವಿನಿಫ್ರೆಡ್ ಬೆಳಗ್ಗೆ ಬಂದು ಬಾಗಿಲು ತಟ್ಟಿ, ಬೂಟು ಹಾಕಿಕೊ ಎಂದಳು. ನಾನು ಈ ಊರಿನವಳಲ್ಲ, ನನ್ನನ್ನು ಯಾಕೆ ಎಂದೆ. ಅವಳು ನನ್ನ ಬೂಟು ತಂದು ಮುಂದಿಟ್ಟಳು. ಬೇಲಿಯ ಆಚೆ ಊರವರು ಸಾಲಾಗಿ ನಿಂತಿದ್ದರು. ಅವಳು ಒಂದು ಕಡೆ ಹಿಡಿದಳು, ನಾನು ಒಂದು ಕಡೆ ಹಿಡಿದೆ. ಒಂದು ಕೈಯಲ್ಲಿ ಎತ್ತಬಹುದಾದಷ್ಟು ಹಗುರವಾಗಿತ್ತು ಅದು. ನಾವಿಬ್ಬರೂ ಎರಡೆರಡು ಕೈ ಹಚ್ಚಿ ಎತ್ತಿದೆವು.